ಕಾಗೋಡಿನ ಕೊಳಗ ಇಂದು ಯಾರ ಕೈಯಲ್ಲಿದೆ?

ಶಿವಮೊಗ್ಗ ಜಿಲ್ಲೆಗೆ ಭಾಷಣಕ್ಕೆಂದು ಬಂದ ರಾಜಕಾರಣಿಗಳಲ್ಲಿ ಕಾಗೋಡಿನ ಹೆಸರೆತ್ತದೆ ಹಿಂದಿರುಗುವವರು ಬಹಳ ಕಡಮೆ. ಆಳುವ ಪಕ್ಷದವರಿಗೂ ಕಾಗೋಡು ಬೇಕು, ವಿರೋಧ ಪಕ್ಷದವರಿಗೂ ಕಾಗೋಡು ಬೇಕು. ರೈತ ಹೋರಾಟದ ಪುಣ್ಯಭೂಮಿಯೆಂದು ಕೈಮುಗಿದು, ಶಾಲು ಹೊದಿಸಿಕೊಂಡು, ಕಾರು ಹತ್ತಿ ಹೋದ ಈ ಮಹನೀಯರು ಮರುವಾರ ಬೆಂಗಳೂರಿನಲ್ಲಿ ಯಾವ ಮಸೂದೆಗೆ ಕೈಯೆತ್ತುತ್ತಾರೆ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ನಾವು ಕೇಳುತ್ತೇವೆ. ಕೇಳುವುದಕ್ಕೆ ಮುಂಚೆ, ಆ ಊರಿನ ಗದ್ದೆ ಯಾರದಾಗಿತ್ತು, ಯಾರದಾಯಿತು, ನಾಳೆ ಯಾರದಾಗಲಿದೆ ಎಂಬ ಕಥೆಯನ್ನು ನಮ್ಮ ವಾಚಕರ ಮುಂದೆ ಇಡುವುದು ಅಗತ್ಯವೆಂದು ಭಾವಿಸುತ್ತೇವೆ. ಏಕೆಂದರೆ ಪುಣ್ಯಭೂಮಿಯ ಹಾಡು ಹಾಡುವವರು ಈ ಕಥೆಯನ್ನು ಪೂರ್ತಿ ಹೇಳುವುದಿಲ್ಲ.

ಕಾಗೋಡು ಸಾಗರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಅದರ ಸೀಮೆ ಕೆಳದಿ ಅರಸರ ಸೀಮೆ. ಹದಿನೇಳನೆಯ ಶತಮಾನದಲ್ಲಿ ಶಿವಪ್ಪನಾಯಕ ಇಲ್ಲಿಯ ಗದ್ದೆ ತೋಟಗಳನ್ನು ಬಿತ್ತುವ ಬೀಜದ ಲೆಕ್ಕದಲ್ಲಿ, ಬೆಳೆಯುವ ಬೆಳೆಯ ಲೆಕ್ಕದಲ್ಲಿ ವಿಂಗಡಿಸಿ ಕಂದಾಯ ಗೊತ್ತುಮಾಡಿದ. ಅದಕ್ಕೇ ‘ಶಿವಪ್ಪನಾಯಕನ ಶಿಸ್ತು’ ಎಂದು ಹೆಸರು. ಅರಸನ ಶಿಸ್ತನ್ನು ಹೊಗಳುವವರು ಒಂದನ್ನು ಮರೆಯುತ್ತಾರೆ. ಶಿಸ್ತು ಗೊತ್ತುಮಾಡಿದ್ದು ಅರಮನೆಗೆ ಎಷ್ಟು ಸಲ್ಲಬೇಕು ಎಂಬುದನ್ನು. ಕೆಸರಿನಲ್ಲಿ ನಿಂತವನಿಗೆ ಎಷ್ಟು ಉಳಿಯಬೇಕು ಎಂಬುದನ್ನು ಯಾವ ಶಿಸ್ತೂ ಬರೆಯಲಿಲ್ಲ. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ. ಆಮೇಲೆ ಮೈಸೂರಿನ ಅರಸರು ಬಂದರು. ಕಂದಾಯದ ಹೊರೆ ತಾಳಲಾರದೆ 1830ರಲ್ಲಿ ನಗರ ಸೀಮೆಯ ರೈತರು ಕೂಟ ಕಟ್ಟಿ ದಂಗೆಯೆದ್ದರು. ಮರುವರ್ಷ ಬ್ರಿಟಿಷರು ಅದನ್ನೇ ನೆಪಮಾಡಿಕೊಂಡು ಇಡೀ ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡರು. ಮಲೆನಾಡಿನ ರೈತ ಬಾಯಿಲ್ಲದವನು, ಬಗ್ಗಿ ನಡೆಯುವವನು ಎಂದು ಹೇಳುವ ಪಂಡಿತರು ಈ 1830ನೆಯ ಇಸವಿಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಲೇಸು.

ಆದರೆ ಕಾಗೋಡಿನಂಥ ಊರಿನ ಹಣೆಬರಹವನ್ನು ನಿಜವಾಗಿ ಬರೆದದ್ದು ಕತ್ತಿಯಲ್ಲ, ಲೇಖನಿ. 1863ರಿಂದ ಮೈಸೂರು ಸಂಸ್ಥಾನದಲ್ಲಿ ಸರ್ವೆ ಶುರುವಾಯಿತು. ಸರಪಳಿ ಬಂತು, ಬಾಂದುಕಲ್ಲು ಬಂತು, ಪ್ರತಿ ಗದ್ದೆಗೂ ಒಂದು ನಂಬರು ಬಂತು, ಆ ನಂಬರಿನ ಎದುರು ಒಂದು ಹೆಸರು ಬಂತು. ಯಾರ ಹೆಸರು? ಕಂದಾಯ ಕಟ್ಟುವವನ ಹೆಸರು. ನೇಗಿಲು ಹಿಡಿದವನ ಹೆಸರಿಗೆ ಆ ಪುಸ್ತಕದಲ್ಲಿ ಜಾಗವೇ ಇರಲಿಲ್ಲ. ತಲೆತಲಾಂತರದಿಂದ ಅದೇ ಗದ್ದೆಯ ಅಂಚು ಕಡಿದು, ಅದೇ ಕಾಲುವೆಯ ಹೂಳೆತ್ತಿ, ಅದೇ ಕಣದಲ್ಲಿ ಭತ್ತ ತೂರಿದವನು ಸರಕಾರದ ದೃಷ್ಟಿಯಲ್ಲಿ ಅಲ್ಲಿ ಇಲ್ಲವೇ ಇಲ್ಲ! ಹೀಗೆ ಪುಸ್ತಕದಿಂದ ಹೊರಗುಳಿದವನೇ ಗೇಣಿದಾರ. ಕಾಗೋಡಿನಲ್ಲಿ ಈ ಗೇಣಿದಾರರು ಬಹುಪಾಲು ದೀವರ ಜನ.

ಗೇಣಿಯೆಂದರೆ ಬರೀ ಭತ್ತವಲ್ಲ. ಧಣಿಯ ಮನೆಯ ಬಿಟ್ಟಿ ಕೆಲಸವೂ ಗೇಣಿಯೇ, ಧಣಿಯ ಮುಂದೆ ಕೂರದಿರುವುದೂ ಗೇಣಿಯೇ. ಒಡೆಯರ ಎದುರು ಪಂಚೆಯನ್ನು ಮೊಣಕಾಲಿನಿಂದ ಕೆಳಗೆ ಬಿಡುವಂತಿರಲಿಲ್ಲ ಎಂದು ಆ ಸೀಮೆಯ ಹಿರಿಯರು ಹೇಳುತ್ತಿದ್ದರು. ಇಷ್ಟೆಲ್ಲ ತೆತ್ತ ಮೇಲೂ ಕಣಕ್ಕೆ ಬರುವುದು ಒಂದು ಕೊಳಗ. ಆ ಕೊಳಗ ಧಣಿಯದು. ಅದನ್ನು ಮಾಡಿಸಿದವನು ಧಣಿ, ಅಳೆಯುವವನು ಧಣಿಯ ಆಳು, ಎಣಿಸುವವನು ಧಣಿಯ ಶಾನುಭೋಗ. ಗೇಣಿದಾರನ ಪಾಲಿಗೆ ಉಳಿದದ್ದು ಚೀಲದ ಬಾಯಿ ಹಿಡಿದು ನಿಲ್ಲುವ ಕೆಲಸ.

ಕೊಳಗದ ಜಗಳವೆಂದರೆ ಪಟ್ಟಣದ ವಿದ್ಯಾವಂತರು ಈಗಲೂ ನಗುತ್ತಾರೆ. ಒಂದು ಪಾತ್ರೆಯ ಸಲುವಾಗಿ ಇಷ್ಟು ದೊಡ್ಡ ಸತ್ಯಾಗ್ರಹವೇ ಎನ್ನುತ್ತಾರೆ. ನಗುವವರು ಸ್ವಲ್ಪ ಲೆಕ್ಕ ಹಾಕಲಿ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಒಬ್ಬ ಗೇಣಿದಾರ ವರ್ಷಕ್ಕೆ 10 ಖಂಡುಗ ಅಳೆಯಬೇಕಾಗಿದ್ದರೆ ಅದು 200 ಕೊಳಗ. ಲೆಕ್ಕಕ್ಕೆ ಕೊಳಗವೊಂದಕ್ಕೆ ಮೂರು ಸೇರು ಎಂದು ಹಿಡಿದರೆ 600 ಸೇರು. ಧಣಿಯ ಮನೆಯ ಕೊಳಗ ಬರೀ ಅರ್ಧ ಸೇರು ಹೆಚ್ಚು ನುಂಗುವಂಥದ್ದಾದರೆ 700 ಸೇರು. ಯಾವ ಕರಾರಿನಲ್ಲೂ ಬರೆಯದ, ಯಾವ ಬಾಯಿಂದಲೂ ಕೇಳದ ಈ 100 ಸೇರು ಭತ್ತ ಒಂದೂವರೆ ಖಂಡುಗಕ್ಕೂ ಮೇಲಾಗುತ್ತದೆ. ಮಳೆಗಾಲದಲ್ಲಿ, ಹಿಂದಿನ ಬೆಳೆ ತೀರಿ ಮುಂದಿನದು ಬರುವ ಮುನ್ನ, ಗೇಣಿದಾರ ಧಣಿಯ ಬಾಗಿಲಿಗೆ ಸಾಲ ಕೇಳಲು ಹೋಗುತ್ತಿದ್ದುದು ಇಷ್ಟೇ ಭತ್ತಕ್ಕೆ. ತನ್ನ ಭತ್ತವನ್ನೇ ಕಳೆದುಕೊಂಡು, ಅದನ್ನೇ ಸಾಲವಾಗಿ ತಂದು, ಅದಕ್ಕೇ ಬಡ್ಡಿ ಕಟ್ಟುವುದು! ಈಗ ನಗಲಿ, ನಗುವ ಶಕ್ತಿಯಿದ್ದರೆ.

ಸ್ವಾತಂತ್ರ್ಯ ಬಂದ ಮೇಲೆ ಸಾಗರ ತಾಲ್ಲೂಕಿನಲ್ಲಿ ರೈತ ಸಂಘ ಕಟ್ಟಿದವರು ಶ್ರೀ ಎಚ್. ಗಣಪತಿಯಪ್ಪನವರು. ಸಂಘ ಕೇಳಿದ್ದು ಭೂಮಿಯನ್ನಲ್ಲ. ಕ್ರಾಂತಿಯನ್ನಂತೂ ಅಲ್ಲವೇ ಅಲ್ಲ. ಗೊತ್ತಾದ ಪ್ರಮಾಣದ ಕೊಳಗದಲ್ಲಿ ಅಳೆಯಿರಿ, ಕೊಟ್ಟದ್ದಕ್ಕೆ ಲೆಕ್ಕವಿರಲಿ, ಬಿಟ್ಟಿ ನಿಲ್ಲಲಿ, ನಮ್ಮನ್ನು ಮನುಷ್ಯರೆಂದು ಎಣಿಸಿರಿ ಎಂಬುದಿಷ್ಟೇ ಬೇಡಿಕೆ. ಇದಕ್ಕೆ ಬಂದ ಉತ್ತರವೇನು? ಗದ್ದೆಯನ್ನೇ ಕೊಡುವುದಿಲ್ಲ ಎಂಬುದು. ಸಣ್ಣ ನ್ಯಾಯ ಕೇಳಿದವನಿಗೆ ದೊಡ್ಡ ಅನ್ಯಾಯ ಮಾಡಿ ಬಾಯಿ ಮುಚ್ಚಿಸುವುದು ಜಮೀನುದಾರಿಯ ಹಳೆಯ ವಿದ್ಯೆ. ಆದರೆ ಈ ಬಾರಿ ಬಾಯಿ ಮುಚ್ಚಲಿಲ್ಲ. 1951ರ ಏಪ್ರಿಲ್ 18ರಂದು ಕಾಗೋಡಿನ ರೈತರು ನೇಗಿಲು ಹೊತ್ತು ತಮ್ಮ ಹಳೆಯ ಗದ್ದೆಗಳಿಗೆ ಇಳಿದರು.

ಪೋಲೀಸರು ಬಂದರು. ಗದ್ದೆ ಧಣಿಯದಾದರೂ ಲಾಠಿ ಮಾತ್ರ ಸರಕಾರದ್ದು ಎಂಬುದನ್ನು ಓದುಗರು ಗಮನಿಸಬೇಕು. ಅದು ಗಾಂಧೀಜಿಯ ಹೆಸರು ಹೇಳುವ ಕಾಂಗ್ರೆಸ್ಸು ಸರಕಾರ, ಶ್ರೀ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ. ಒಂದು ತಂಡ ಗದ್ದೆಗೆ ಇಳಿಯುವುದು, ಉಳುವುದು, ಬಂಧನವಾಗುವುದು, ಮತ್ತೊಂದು ತಂಡ ಇಳಿಯುವುದು. ಹೆಂಗಸರೂ ಹಿಂದೆ ಉಳಿಯಲಿಲ್ಲ. ಸೋಷಲಿಸ್ಟ್ ಪಕ್ಷ ತನ್ನ ಬಲವನ್ನೆಲ್ಲ ಅಲ್ಲಿಗೆ ತಂದಿತು. ಇಪ್ಪತ್ತೆಂಟರ ತರುಣ ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು. ಜೂನ್ ತಿಂಗಳಲ್ಲಿ ಡಾಕ್ಟರ್ ರಾಮಮನೋಹರ ಲೋಹಿಯಾ ಅವರೇ ಬಂದರು. ಅವರನ್ನು ಸಾಗರದ ರೈಲು ನಿಲ್ದಾಣದಲ್ಲಿ ಬಂಧಿಸಲಾಯಿತು. ಕೊಳಗದ ಜಗಳ ಅಂದಿಗೆ ದೆಹಲಿಯ ಪತ್ರಿಕೆಗಳಿಗೂ ತಲುಪಿತು.

ಇಲ್ಲಿ ನಾವು ಒಂದು ಕಹಿಮಾತನ್ನು ಆಡಬೇಕಾಗಿದೆ. ಪುಣ್ಯಭೂಮಿಯ ಭಜನೆ ಮಾಡುವವರು ಕಾಗೋಡಿನಲ್ಲಿ ರೈತ ಗೆದ್ದನೆಂದು ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. 1951ರಲ್ಲಿ ಕಾಗೋಡಿನ ರೈತ ಗೆಲ್ಲಲಿಲ್ಲ. ಸತ್ಯಾಗ್ರಹ ನಿಂತಾಗ ಗದ್ದೆ ಅವನ ಕೈಗೆ ಬಂದಿರಲಿಲ್ಲ. ಜೈಲಿನಿಂದ ಬಂದವನಿಗೆ ಉಳಲು ನೆಲವಿರಲಿಲ್ಲ, ತಿನ್ನಲು ಭತ್ತವಿರಲಿಲ್ಲ, ಮೇಲೆ ಕೋರ್ಟಿನ ಅಲೆದಾಟ. ಗೆದ್ದದ್ದು ಬೇರೆ ಕಡೆ. 1952ರ ಚುನಾವಣೆಯಲ್ಲಿ ಅದೇ ಸೀಮೆಯ ಜನ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದರು. ಆಗ ಮೊದಲ ಬಾರಿಗೆ ಗೇಣಿದಾರನ ಭಾಷೆಯಲ್ಲಿ ಮಾತಾಡುವ ಬಾಯೊಂದು ಆ ಸಭೆಯಲ್ಲಿ ತೆರೆಯಿತು.

ಬಾಯಿ ತೆರೆದದ್ದಕ್ಕೂ ಕಾನೂನು ಬಂದದ್ದಕ್ಕೂ ನಡುವೆ ಎಷ್ಟು ವರ್ಷ ಕಳೆಯಿತು ನೋಡಿ. 1952ರಲ್ಲಿ ಒಂದು ಗೇಣಿ ಶಾಸನವಾಯಿತು. ಏಕೀಕರಣವಾದ ಮೇಲೆ ಶ್ರೀ ಬಿ. ಡಿ. ಜತ್ತಿಯವರ ಅಧ್ಯಕ್ಷತೆಯಲ್ಲಿ ಸಮಿತಿಯಾಯಿತು, ವರದಿಯಾಯಿತು. 1961ರಲ್ಲಿ ಭೂಸುಧಾರಣಾ ಶಾಸನ ಬಂತು. ಬಂತೆಂದರೆ ಪುಸ್ತಕಕ್ಕೆ ಬಂತು. ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ಕ್ಕೆ. ಗಾಂಧಿ ಜಯಂತಿಯ ದಿನವನ್ನು ಆರಿಸಿದ ಜಾಣರು ನಡುವೆ ಕಳೆದ ನಾಲ್ಕು ವರ್ಷಗಳಲ್ಲಿ ಜಮೀನುದಾರರು ಏನು ಮಾಡಬಹುದೆಂದು ಅರಿಯದಷ್ಟು ಮುಗ್ಧರೇ? ಆ ಶಾಸನದಲ್ಲಿ ‘ಸ್ವಂತ ಸಾಗುವಳಿ’ಗೆಂದು ಗೇಣಿದಾರನಿಂದ ಭೂಮಿಯನ್ನು ಹಿಂದಕ್ಕೆ ಪಡೆಯಲು ಧಣಿಗೆ ದಾರಿಯಿತ್ತು. ಕೂಲಿಯಾಳು ಉಳುವಾಗ ಗದ್ದೆಯಂಚಿನಲ್ಲಿ ಕೊಡೆ ಹಿಡಿದು ನಿಂತರೂ ಅದು ಸ್ವಂತ ಸಾಗುವಳಿಯೇ! ಬಾಗಿಲು ತೆಗೆದಿಟ್ಟು ಕಳ್ಳನಿಗೆ ಕಾವಲು ಹೇಳಿದಂತಿತ್ತು ಅದು.

ಕೊನೆಗೆ ಶ್ರೀ ದೇವರಾಜ ಅರಸರ ಸರಕಾರ 1974ರಲ್ಲಿ ತಂದ ತಿದ್ದುಪಡಿಯಿಂದ, ಆ ವರ್ಷದ ಮಾರ್ಚ್ 1ನೆಯ ತಾರೀಖಿಗೆ ಗೇಣಿಯಲ್ಲಿದ್ದ ಭೂಮಿಯೆಲ್ಲ ಸರಕಾರಕ್ಕೆ ಸೇರಿತು. ಉಳುವವನು 7ನೇ ನಮೂನೆಯಲ್ಲಿ ಅರ್ಜಿ ಹಾಕಿ ಅಧಿಭೋಗದ ಹಕ್ಕು ಕೇಳಬಹುದಾಯಿತು. ನ್ಯಾಯಮಂಡಳಿಗಳ ಮುಂದೆ ವಕೀಲರಿಗೆ ಪ್ರವೇಶವಿಲ್ಲ ಎಂದು ಮೊದಲಿಗೆ ಗೊತ್ತುಮಾಡಿದ್ದು ಅರಸರ ಸರಕಾರದ ದೊಡ್ಡ ಕೆಲಸ ಎಂಬುದನ್ನು ಒಪ್ಪುವುದಕ್ಕೆ ನಮಗೆ ಹಿಂಜರಿಕೆಯಿಲ್ಲ. ಒಳ್ಳೆಯದನ್ನು ವಿರೋಧಿ ಮಾಡಿದರೂ ಒಳ್ಳೆಯದೇ. ಆದರೆ 1951ರಿಂದ 1974ಕ್ಕೆ ಇಪ್ಪತ್ತಮೂರು ವರ್ಷ. ಸತ್ಯಾಗ್ರಹದ ದಿನ ಮೂವತ್ತರ ಪ್ರಾಯದಲ್ಲಿದ್ದವನು ಐವತ್ತಮೂರಾಗಿದ್ದ. ಗೋಪಾಲಗೌಡರು 1972ರ ಜೂನ್ 9ರಂದು ತೀರಿಹೋಗಿದ್ದರು; ಈ ಶಾಸನವನ್ನು ಅವರು ಕಾಣಲಿಲ್ಲ. ಸರಕಾರಗಳು ತಾವಾಗಿ ರೈತನಿಗೆ ಭೂಮಿ ಕೊಟ್ಟುವೆಂದು ಪಠ್ಯಪುಸ್ತಕದಲ್ಲಿ ಬರೆಯುವವರು ಈ ಇಪ್ಪತ್ತಮೂರು ವರ್ಷಗಳಿಗೆ ಯಾವ ಹೆಸರಿಡುತ್ತಾರೆ?

ಪಹಣಿಯನ್ನು ನೋಡಿದವರಿಗೆ ಗೊತ್ತು: ಅದರ 9ನೇ ಕಲಮಿನಲ್ಲಿ ಒಡೆಯನ ಹೆಸರು, 12ನೇ ಕಲಮಿನಲ್ಲಿ ಸಾಗುವಳಿ ಮಾಡುವವನ ಹೆಸರು. ಮಲೆನಾಡಿನ ಇಡೀ ಹೋರಾಟವನ್ನು ಒಂದು ಮಾತಿನಲ್ಲಿ ಹೇಳುವುದಾದರೆ, 12ರಲ್ಲಿದ್ದ ಹೆಸರನ್ನು 9ಕ್ಕೆ ತರುವ ಹೋರಾಟ. 12ರಲ್ಲಿ ಹೆಸರು ಬರೆಯದೆ ಬಿಟ್ಟ ಗ್ರಾಮಲೆಕ್ಕಿಗರ ಕೃಪೆಯಿಂದ ಎಷ್ಟು ಅರ್ಜಿಗಳು ಬಿದ್ದುಹೋದವೆಂಬುದನ್ನು ಮಂಡಳಿಯ ಮುಂದೆ ನಿಂತು ಬಂದ ಮುದುಕರು ಬಲ್ಲರು. ಮತ್ತೆ ಲೇಖನಿಯೇ! ಆದರೂ ಈ ರಾಜ್ಯದಲ್ಲಿ ಲಕ್ಷಾಂತರ ಕುಟುಂಬಗಳು 9ನೇ ಕಲಮಿಗೆ ಏರಿದವು. ಅವರ ಮಕ್ಕಳು ಶಾಲೆಗೆ ಹೋದರು, ಪಂಚೆ ಕೆಳಗೆ ಬಿಟ್ಟರು, ಪಂಚಾಯತಿಯಲ್ಲಿ ಕುರ್ಚಿಯ ಮೇಲೆ ಕೂತರು. ಕಾಗೋಡಿನ ಮಗನೇ ಆದ ಶ್ರೀ ತಿಮ್ಮಪ್ಪನವರು ವಿಧಾನಸಭೆಯ ಅಧ್ಯಕ್ಷರಾದರು, ಕಂದಾಯ ಮಂತ್ರಿಯೂ ಆದರು. ಪುಸ್ತಕದಲ್ಲಿ ಜಾಗವಿಲ್ಲದಿದ್ದ ಊರಿನವರು ಪುಸ್ತಕದ ಇಲಾಖೆಗೇ ಯಜಮಾನರಾದರು.

ಹಾಗಾದರೆ ಈಗೇಕೆ ಈ ಗೋಳು ಎಂದು ಕೇಳುವವರಿಗೆ 2020ನೆಯ ಇಸವಿಯ ಕಡೆ ಕೈತೋರಿಸುತ್ತೇವೆ.

1974ರ ಶಾಸನ ಬರೀ ಗೇಣಿದಾರನಿಗೆ ಭೂಮಿ ಕೊಟ್ಟು ಸುಮ್ಮನಾಗಿರಲಿಲ್ಲ. ಕೊಟ್ಟ ಭೂಮಿ ಹಣವಂತನ ಕೈಗೆ ಹಿಂಬಾಗಿಲಿನಿಂದ ಹೋಗದಿರಲೆಂದು ಅದು ಬೇಲಿ ಹಾಕಿತ್ತು. 79ಎ, 79ಬಿ ಕಲಮುಗಳೆಂದರೆ ಆ ಬೇಲಿ. ಬೇಸಾಯವಲ್ಲದ ಮೂಲದಿಂದ ಗೊತ್ತಾದ ಮಿತಿಗಿಂತ ಹೆಚ್ಚು ಆದಾಯವಿರುವವನು ಕೃಷಿ ಭೂಮಿ ಕೊಳ್ಳುವಂತಿರಲಿಲ್ಲ; ಬೇಸಾಯಗಾರನಲ್ಲದವನೂ ಕೊಳ್ಳುವಂತಿರಲಿಲ್ಲ. 2015ರಲ್ಲಿ ಕಾಂಗ್ರೆಸ್ಸು ಸರಕಾರ ಆದಾಯದ ಆ ಮಿತಿಯನ್ನು 25 ಲಕ್ಷ ರೂಪಾಯಿಗೆ ಏರಿಸಿ ಬೇಲಿಯಲ್ಲಿ ಗಾಡಿ ಹೋಗುವಷ್ಟು ಕಂಡಿ ಮಾಡಿತು. 2020ರ ಜುಲೈಯಲ್ಲಿ, ಜನ ರೋಗದ ಭಯದಿಂದ ಮನೆಯೊಳಗೆ ಕೂತಿದ್ದಾಗ, ಭಾರತೀಯ ಜನತಾ ಪಕ್ಷದ ಸರಕಾರ ಸುಗ್ರೀವಾಜ್ಞೆ ಹೊರಡಿಸಿ ಬೇಲಿಯನ್ನೇ ಕಿತ್ತಿತು. ಆಗ ಮುಖ್ಯಮಂತ್ರಿಯಾಗಿದ್ದವರು ಇದೇ ಶಿವಮೊಗ್ಗ ಜಿಲ್ಲೆಯಿಂದ ಆರಿಸಿಹೋದವರು. ಅದೇ ವರ್ಷದ ಡಿಸೆಂಬರಿನಲ್ಲಿ ವಿಧಾನ ಪರಿಷತ್ತಿನಲ್ಲಿ ಅದು ಪಾಸಾಗಲು ಕೈಯೆತ್ತಿ ನೆರವಾದವರು ಮಣ್ಣಿನ ಮಕ್ಕಳ ಪಕ್ಷವೆಂದು ಹೇಳಿಕೊಳ್ಳುವ ಜನತಾ ದಳದವರು. ಒಂದು ಪಕ್ಷ ಕಂಡಿ ಮಾಡಿತು, ಒಂದು ಕಿತ್ತಿತು, ಒಂದು ಕಿತ್ತದ್ದನ್ನು ಹೊತ್ತು ಸಾಗಿಸಿತು. ಮೂರೂ ಕಡೆಯವರು ಕಾಗೋಡಿಗೆ ಹಾರ ಹಾಕುವವರೇ!

ಕಿತ್ತವರ ವಾದವನ್ನು ಕೇಳದೆ ತೀರ್ಪು ಕೊಡುವುದು ನಮ್ಮ ಪದ್ಧತಿಯಲ್ಲ. ಆ ಕಲಮುಗಳು ಅಧಿಕಾರಿಗಳಿಗೆ ಲಂಚದ ಹುಂಡಿಯಾಗಿದ್ದವು ಎನ್ನುತ್ತಾರೆ. ಆಗಿದ್ದವು, ನಿಜ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವುದು ಯಾವ ವೈದ್ಯ? ಲಂಚ ತಿಂದವನನ್ನು ಮನೆಗೆ ಕಳಿಸುವ ಬದಲು ಲಂಚಕ್ಕೆ ಕಾರಣವಾದ ಕಾನೂನನ್ನು ಮನೆಗೆ ಕಳಿಸುವುದಾದರೆ, ಈ ದೇಶದಲ್ಲಿ ಉಳಿಯುವ ಕಾನೂನು ಯಾವುದು? ಓದಿದ ತರುಣರು ಬೇಸಾಯಕ್ಕೆ ಬರಲಿ ಎನ್ನುತ್ತಾರೆ. ಬರಲಿ, ಸಂತೋಷ. ಆದರೆ ಗದ್ದೆ ಕೊಳ್ಳುವವನು ಗದ್ದೆಯಲ್ಲೇ ಇರಬೇಕು, ತಾನೇ ಬೆಳೆಯಬೇಕು ಎಂಬ ಒಂದು ಷರತ್ತನ್ನಾದರೂ ಏಕೆ ಉಳಿಸಲಿಲ್ಲ? ಮೂರನೆಯ ವಾದ ಎಲ್ಲಕ್ಕಿಂತ ಸಿಹಿಯಾದದ್ದು: ರೈತನಿಗೆ ಒಳ್ಳೆಯ ಬೆಲೆ ಸಿಗುತ್ತದೆ, ತನ್ನ ಸ್ವತ್ತನ್ನು ಯಾರಿಗಾದರೂ ಮಾರುವ ಸ್ವಾತಂತ್ರ್ಯ ಅವನಿಗೆ ಬಂತು.

ಈ ಸ್ವಾತಂತ್ರ್ಯವನ್ನು ತುಸು ತೂಗಿ ನೋಡೋಣ. 2015-16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರು, ಅಂದರೆ ಸುಮಾರು 3 ಎಕರೆ 14 ಗುಂಟೆ. ಸರಾಸರಿಯೇ ಇಷ್ಟಾದರೆ ಬಡವನದು ಎಷ್ಟಿದ್ದೀತು? ಇಷ್ಟು ನೆಲದವನು ಒಂದು ಕಡೆ. ವರ್ಷಕ್ಕೆ 25 ಲಕ್ಷಕ್ಕೂ ಮೇಲೆ ಗಳಿಸುವವನು ಇನ್ನೊಂದು ಕಡೆ. ಇವರಿಬ್ಬರನ್ನು ಒಂದೇ ಚಾವಡಿಯಲ್ಲಿ ಎದುರುಬದುರು ಕೂರಿಸಿ, ನೀವಿಬ್ಬರೂ ಸ್ವತಂತ್ರರು, ವ್ಯಾಪಾರ ಮಾಡಿಕೊಳ್ಳಿ ಎನ್ನುವುದು ಯಾವ ಸೀಮೆಯ ಸಮಾನತೆ? ಸೊಸೈಟಿಯ ಸಾಲ ಕಟ್ಟುವ ವಾಯಿದೆ, ಮಗಳ ಮದುವೆ, ಆಸ್ಪತ್ರೆಯ ಖರ್ಚು, ಅಡಿಕೆಗೆ ಬಂದ ಎಲೆಚುಕ್ಕೆ ರೋಗ: ಇವು ಯಾವುವೂ ಕೊಳ್ಳುವವನಿಗಿಲ್ಲ. ಮಾರುವವನು ತನಗೆ ಬೇಕಾದಾಗ ಮಾರುವುದಿಲ್ಲ. ಬೇರೆ ದಾರಿಯಿಲ್ಲದಾಗ ಮಾರುತ್ತಾನೆ. ಆ ಹೊತ್ತಿಗಾಗಿ ಕಾದು ಕೂತವನ ಕೈಯಲ್ಲಿರುವುದೂ ಒಂದು ಕೊಳಗವೇ.

ಮಾರಿದ ಮೇಲೆ ಏನಾಗುತ್ತದೆ? ಕೊಂಡವನು ದೂರದ ಪಟ್ಟಣದಲ್ಲಿ ಇರುತ್ತಾನೆ. ಗದ್ದೆಗೆ ತಂತಿಬೇಲಿ ಬರುತ್ತದೆ. ಕೆಲವು ಕಡೆ ಅದು ಹಡ್ಲು ಬೀಳುತ್ತದೆ; ಕೆಲವು ಕಡೆ ಮಾರಿದವನನ್ನೇ ಅಥವಾ ಅವನ ನೆರೆಯವನನ್ನೇ ಕರೆದು, ಇಷ್ಟು ಕೊಟ್ಟು ಬೆಳೆದುಕೋ ಎಂದು ಹೇಳಲಾಗುತ್ತದೆ. ಇದಕ್ಕೆ ನಮ್ಮ ಅಜ್ಜಂದಿರು ಗೇಣಿ ಎನ್ನುತ್ತಿದ್ದರು. 1974ರಿಂದ ಗೇಣಿ ಕಾನೂನುಬಾಹಿರವಾದ್ದರಿಂದ ಈ ಹೊಸ ಗೇಣಿಗೆ ಚೀಟಿಯಿಲ್ಲ, ರಸೀದಿಯಿಲ್ಲ, 12ನೇ ಕಲಮಿನಲ್ಲಿ ಹೆಸರಿಲ್ಲ. ಬೆಳೆ ಹೋದರೆ ಪರಿಹಾರ ಒಡೆಯನ ಖಾತೆಗೆ, ನಷ್ಟ ಉತ್ತವನ ತಲೆಗೆ. ಕಾಗೋಡಿನ ಗೇಣಿದಾರನಿಗೆ ಎದುರಿಗೆ ನಿಂತು ಜಗಳವಾಡಲು ಒಬ್ಬ ಧಣಿಯಾದರೂ ಊರಲ್ಲಿದ್ದ. ಈ ಹೊಸ ಧಣಿಯ ಮನೆ ಯಾವ ಬಡಾವಣೆಯಲ್ಲಿದೆಯೆಂದು ಇವನಿಗೆ ಗೊತ್ತಿಲ್ಲ.

ಭೂಸುಧಾರಣೆ ಮುಗಿದ ಅಧ್ಯಾಯವೆಂದು ಎಲ್ಲ ಪಕ್ಷದವರೂ ಹೇಳುತ್ತಾರೆ. ಯಾರ ಪಾಲಿಗೆ ಮುಗಿಯಿತು? 1974ರ ಶಾಸನ ಗೇಣಿದಾರನನ್ನು ಕಂಡಿತು; ಗೇಣಿದಾರನ ಗದ್ದೆಯಲ್ಲಿ ನಾಟಿ ಹಾಕುವ, ಕೊಯ್ಯುವ, ಹೊರೆ ಹೊರುವ ಕೂಲಿಯವನನ್ನು ಅದು ಕಾಣಲಿಲ್ಲ. ಅವನು ಬಹುಪಾಲು ದಲಿತ. ಅವನ ಹೆಸರು 9ರಲ್ಲೂ ಇಲ್ಲ, 12ರಲ್ಲೂ ಇಲ್ಲ, ಆ ಹಾಳೆಯ ಮೇಲೆಯೇ ಇಲ್ಲ. ನಿನ್ನೆ ಗೇಣಿದಾರನಾಗಿದ್ದು ಇಂದು ಒಡೆಯನಾದವನು ಕೂಲಿಯ ಮಾತು ಬಂದಾಗ ಹಳೆಯ ಧಣಿಯ ಧ್ವನಿಯಲ್ಲೇ ಮಾತಾಡುವುದನ್ನು ನಾವು ಕೇಳಿದ್ದೇವೆ, ಕೇಳಿದ್ದನ್ನು ಮುಚ್ಚಿಡುವುದಿಲ್ಲ. ಇದೇ ಸಾಗರ ತಾಲ್ಲೂಕಿನಲ್ಲಿ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ನೀರು ಊರೂರುಗಳನ್ನು ನುಂಗಿತು. ನಾಡಿಗೆ ದೀಪ ಬಂತು. ಗದ್ದೆ ಬಿಟ್ಟು ಕಾಡಿನಂಚಿಗೆ ಹೋದವರಲ್ಲಿ ಎಷ್ಟೋ ಕುಟುಂಬಗಳು ಮೂರನೆಯ ತಲೆಮಾರಿನಲ್ಲೂ ಹಕ್ಕುಪತ್ರಕ್ಕಾಗಿ ಕಂದಾಯ ಇಲಾಖೆಗೂ ಅರಣ್ಯ ಇಲಾಖೆಗೂ ನಡುವೆ ಅಲೆಯುತ್ತಿವೆ. ಬೆಂಗಳೂರಿನ ಹಣವಂತ ಎರಡು ವಾರದಲ್ಲಿ ಖಾತೆ ಮಾಡಿಸಿಕೊಳ್ಳಬಲ್ಲ ತಾಲ್ಲೂಕಿನಲ್ಲಿ, ನಾಡಿಗೆ ಬೆಳಕು ಕೊಟ್ಟವನ ಅರ್ಜಿಗೆ ಅರುವತ್ತು ವರ್ಷವೂ ಸಾಲಲಿಲ್ಲವೇ?

ನಮ್ಮ ಬೇಡಿಕೆಗಳು ಹೊಸವಲ್ಲ. 2020ರಲ್ಲಿ ಕಿತ್ತ ಕಲಮುಗಳು, ಲಂಚಕ್ಕೆ ಎಡೆಯಿಲ್ಲದಂತೆ ತಿದ್ದಿ, ಮರಳಿ ಶಾಸನಕ್ಕೆ ಸೇರಬೇಕು. ಬಾಯಿಮಾತಿನ ಗೇಣಿಯಲ್ಲಿ ಉಳುವವನ ಹೆಸರನ್ನು ಗ್ರಾಮಸಭೆಯಲ್ಲಿ ಓದಿ ಬರೆದುಕೊಳ್ಳಬೇಕು. ಶರಾವತಿ ಸಂತ್ರಸ್ತರಿಗೆ ಹಕ್ಕುಪತ್ರ ಸಿಗುವವರೆಗೆ ಅವರನ್ನು ಎಬ್ಬಿಸುವ ನೋಟೀಸು ನಿಲ್ಲಬೇಕು. ಕೂಲಿಯವನಿಗೆ ಮನೆಯಷ್ಟೇ ಅಲ್ಲ, ನೆಲವೂ ಬೇಕು.

ಅದಕ್ಕೆ ಮುಂಚೆ ನಮ್ಮ ಕಾರ್ಯಕರ್ತರಿಗೂ ವಾಚಕರಿಗೂ ಒಂದು ಕೆಲಸ ಹೇಳುತ್ತೇವೆ. ಈ ತಿಂಗಳು ಪ್ರತಿ ಹಳ್ಳಿಯಲ್ಲಿ ಒಂದು ಸಂಜೆ ಶಾಲೆಯ ಜಗಲಿಯಲ್ಲೋ ದೇವಸ್ಥಾನದ ಮುಂದೆಯೋ ಸೇರಿ, ಊರಿನ ಪಹಣಿಗಳನ್ನು ತೆಗೆಸಿ, 9ನೇ ಕಲಮನ್ನೂ 12ನೇ ಕಲಮನ್ನೂ ಗಟ್ಟಿಯಾಗಿ ಓದಬೇಕು. ಓದು ಬಾರದವರು ಕೇಳಬೇಕು, ಹೆಂಗಸರು ಮುಂದಿನ ಸಾಲಿನಲ್ಲಿರಬೇಕು. 2020ರಿಂದ ಈಚೆಗೆ ಹೆಸರು ಬದಲಾದ ಸರ್ವೆ ನಂಬರುಗಳು ಎಷ್ಟು, ಕೊಂಡವರು ಯಾವ ಊರಿನವರು, ಆ ಗದ್ದೆಯನ್ನು ಈಗ ಉಳುತ್ತಿರುವವರು ಯಾರು, ಎಷ್ಟು ಕೊಟ್ಟು ಉಳುತ್ತಿದ್ದಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ನಮ್ಮ ಕಚೇರಿಗೆ ಕಳಿಸಬೇಕು. ಉಳುವವರ ಹೆಸರು ನಮ್ಮಲ್ಲೇ ಇರುತ್ತದೆ. ಲೆಕ್ಕವನ್ನು ಮಾತ್ರ ಊರಿಂದೂರಿಗೆ, ವಾರದಿಂದ ವಾರಕ್ಕೆ, ಈ ಪುಟದಲ್ಲೇ ಅಚ್ಚು ಹಾಕುತ್ತೇವೆ. ಮೊದಲನೆಯ ಪಟ್ಟಿ ಸಾಗರ ತಾಲ್ಲೂಕಿನದಾಗಿರಲಿ.